ಐದು ತೂತಿನ ಬಿಲ್ಲೆ

ಕಾಂಚನಾ ಮೊದಲು ಹೊಡೆದಳು, ಆಮೇಲೆ ಹೆಸರು ಕೇಳಿದಳು.

ಗುರುವಾರ ಸಂಜೆ. ಕಾರ್ಖಾನೆಯಿಂದ ಬಂದು ಇನ್ನೂ ಮುಖ ತೊಳೆದಿರಲಿಲ್ಲ. ಠಾಣೆ ಶಹರದ ವಾಗ್ಳೆ ಎಸ್ಟೇಟಿನ ಹಿಂದಿನ ಗುಡ್ಡದ ಚಾಳಿನಲ್ಲಿ ಅವಳ ಖೋಲಿಯ ಬಾಗಿಲನ್ನು ಹೀಗೆ ಗುದ್ದುವವರು ಇಬ್ಬರೇ: ಒಂದು ಅವಳ ಗಂಡ ಆಕಾಶ, ಇಲ್ಲವೆ ಅವನು ಕಳಿಸಿದ ಯಾರಾದರೂ. ಅವರಿಗೆ ಬೇಕಾದದ್ದೂ ಒಂದೇ, ಮೋಟರ್‌ಸೈಕಲ್ಲಿನ ಆರ್‌ಸಿ ಕಾರ್ಡು. ಹಾಗಾಗಿ ಹೊರಗಿನಿಂದ "ಗಾಡಿ ಪೇಪರ್..." ಎಂಬ ಎರಡು ಮಾತು ಕಿವಿಗೆ ಬಿದ್ದದ್ದೇ ತಡ, ಎರಡು ವರ್ಷದಿಂದ ಬಾಗಿಲ ಹಿಂದೆ ಕಾವಲಿಗಿದ್ದ ಕಬ್ಬಿಣದ ಪೈಪು ಅವಳ ಕೈಗೆ ಬಂತು, ಚಿಲಕ ಜಾರಿತು, ಹೊಸ್ತಿಲಾಚೆ ನಿಂತವನ ಎಡಭುಜದ ಮೇಲೆ ಪೈಪು ಇಳಿಯಿತು.

ಅವನು ಕೂಗಲಿಲ್ಲ. ಕೈಯೆತ್ತಲೂ ಇಲ್ಲ. ಬಲಗೈಯಲ್ಲಿದ್ದ ಒಂದು ಚೀಟಿಯನ್ನು ಮಾತ್ರ ಸರ್ರನೆ ಬೆನ್ನ ಹಿಂದೆ ಸರಿಸಿದ. ತನ್ನ ಮೂಳೆಗಿಂತ ಕಾಗದವೇ ಉಳಿಯಬೇಕು ಎನ್ನುವವನ ಹಾಗೆ.

"ಹೊಡೀರಿ ಬಾಯಾರ," ಎಂದ. "ಸೋಮವಾರದಿಂದ ಎಲ್ಲಾರೂ ಹೊಡದಾರ. ನೀವೊಬ್ರು ಉಳಿದಿದ್ರಿ."

ಎರಡನೆಯ ಏಟಿಗೆ ಎದ್ದಿದ್ದ ಪೈಪು ಗಾಳಿಯಲ್ಲೇ ನಿಂತಿತು. ಅವಳು ಆಗ ಅವನ ಮುಖ ನೋಡಿದಳು. ಒಂದು ಕಣ್ಣು ನೇರಳೆಹಣ್ಣಿನಂತೆ ಊದಿ ಮುಚ್ಚಿತ್ತು, ಕೆಳತುಟಿ ಸೀಳಿತ್ತು. ಆಕಾಶ ಕಳಿಸುವವರು ಹೊಡೆಯುವ ಜಾತಿಯವರು. ಇವನು ಹೊಡೆಸಿಕೊಂಡು ಬಂದಿದ್ದ.

ಅವನು ಚೀಟಿಯನ್ನು ಮುಂದೆ ಚಾಚಿದ. ತೆಳು ಕಾಗದವನ್ನು ಲೋಹದ ಮೇಲಿಟ್ಟು ಪೆನ್ಸಿಲ್ ತಿಕ್ಕಿದಾಗ ಮೂಡುವ ಬೂದು ಅಚ್ಚು. ಮೇಲೆ ಗಾಡಿಯ ಚಾಸಿ ನಂಬರು, ಹದಿನೇಳು ಅಕ್ಷರ. ಕೆಳಗೆ ರೂಪಾಯಿಯಷ್ಟು ದೊಡ್ಡ ಒಂದು ವೃತ್ತ, ಅದರೊಳಗೆ ಹೂವಿನೆಸಳಿನಂತೆ ಐದು ತೂತು. ಐದನೆಯದು ತುಸು ಓರೆ.

ಪೈಪು ಅವಳ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಗಣಗಣಿಸಿತು.

ಗಾಡಿಯ ಚಾವಿಗೆ ಕಟ್ಟಿದ್ದ ಆ ಬಿಲ್ಲೆ ಅವಳು ಮಾಡಿದ್ದು. ಡ್ರಿಲ್ ಮಷೀನಿಗೆ ನಿಂತ ಮೊದಲ ವಾರ, ಹಿತ್ತಾಳೆಯ ಚೂರಿನ ಮೇಲೆ ಕೈ ಪಳಗಿಸುತ್ತ ಕೊರೆದದ್ದು. ಐದನೆಯ ತೂತಿಗೆ ಬರುವಾಗ ಸೂಪರ್‌ವೈಸರ್ ಹಿಂದಿನಿಂದ ಗದರಿದ್ದ, ಕೈ ನಡುಗಿತ್ತು. ಲೋಕದಲ್ಲಿ ಅಂಥದ್ದು ಇನ್ನೊಂದಿರಲು ಸಾಧ್ಯವಿರಲಿಲ್ಲ.

"ಯಾರು ನೀನು?"

"ಭೀಮು. ವಾಶಿ ಮಾರ್ಕೆಟ್‌ನಾಗ ಹಮಾಲಿ. ಇಂಡಿ ಕಡ್ಯಾಂವ." ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಕುಂಡ್ರು ಅಂದ್ರ ಕುಂಡ್ರತೀನಿ. ಇಲ್ಲಾಂದ್ರ ಬೀಳ್ತೀನಿ."

ಒಳಗಿನಿಂದ ಅವಳ ತಾಯಿ ಮರೆಮ್ಮ ರೊಟ್ಟಿಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಯವ್ವಾ, ಯಾರ ಹೊಟ್ಟಿ ಮಗನ್ನ ಹೊಡ್ದಿ ಇದು! ಬಾ ತಮ್ಮಾ, ಒಳಗ ಬಾ. ನಮ್ಮ ಹುಡಿಗಿಗಿ ಬಾಗ್ಲ ಬಡದ್ರ ತಲಿ ಕೆಡ್ತದ."

ನೀರು ಕುಡಿದು ಭೀಮು ಹೇಳಿದ್ದಿಷ್ಟು. ಎಂಟು ತಿಂಗಳ ಹಿಂದೆ ಉಲ್ಹಾಸನಗರದ ಗ್ಯಾರೇಜಿನ ಆಕಾಶನೆಂಬ ಮೆಕ್ಯಾನಿಕ್ ತನ್ನದೇ ಗಾಡಿಯೆಂದು ಅವನಿಗೆ ಈ ಮೋಟರ್‌ಸೈಕಲ್ ಮಾರಿದ. ಪೇಪರು ಊರಲ್ಲಿವೆ, ಪಂಚಮಿಗೆ ಹೋದಾಗ ತರುತ್ತೇನೆ ಎಂದ. ಪಂಚಮಿ ಹೋಯಿತು, ದೀಪಾವಳಿ ಹೋಯಿತು. ಸೋಮವಾರ ಶಿಳ್ ರಸ್ತೆಯ ನಾಕಾಬಂದಿಯಲ್ಲಿ ಪೊಲೀಸರು ನಂಬರ್ ಒತ್ತಿ ನೋಡಿದರೆ, ಆ ನಂಬರಿನದು ಯಾವುದೋ ಊರಿನ ಸ್ಕೂಟರು. ಪ್ಲೇಟೇ ಸುಳ್ಳು. ಚೌಕಿಯಲ್ಲಿ ಅವನನ್ನು ಬೋರಲು ಮಲಗಿಸಿ ಅಂಗಾಲಿಗೆ ಚರ್ಮದ ಪಟ್ಟಾದಿಂದ ಹೊಡೆದರು. ಪತ್ತಾ ಕೇಳಿದರು, ವಿಜಯಪುರ ಜಿಲ್ಲೆ ಎಂದ. ಹೊರಗಿನವನೋ ಎಂದು ನಕ್ಕು ಇನ್ನೊಂದು ಸುತ್ತು ಹೊಡೆದರು. ಆಧಾರ್ ಕಾರ್ಡು ಕಿತ್ತಿಟ್ಟುಕೊಂಡು ಬಿಡುವಾಗ ಹೇಳಿದರು: ಮುಂದಿನ ಸೋಮವಾರದೊಳಗೆ ಅಸಲಿ ಮಾಲಕನನ್ನು ತಾ, ಇಲ್ಲದಿದ್ದರೆ ಇದೂ ನಿನ್ನ ಮೇಲೆ, ಈ ವರ್ಷ ಕಳುವಾದ ಇನ್ನೂ ಆರು ಗಾಡಿಯೂ ನಿನ್ನ ಮೇಲೆ.

"ಕಲ್ಯಾಣದಾಗ ಒಬ್ರು ಏಜೆಂಟ್ ಅದಾರ, ಜಯಶೀಲ ಅಂತ. ಅವರs ಚೌಕಿ ಅಂಗಳಕ್ಕ ಬಂದು ಪೆನ್ಸಿಲ್ ತಿಕ್ಕಿದ್ರು. ಆ ನಂಬರಿಂದ ನಿಮ್ಮ ಹೆಸರು ಸಿಕ್ತು. ಚಾವಿ ಬಿಲ್ಲೀದೂ ತಿಕ್ಕಿ ಕೊಡ್ರಿ ಅಂದ್ನಿ. ಮಾಲಕರಿಗಿ ಅದರ ಗುರ್ತು ಹತ್ತತೈತಿ ಅಂತ."

"ಆ ಬಿಲ್ಲಿ ನಾನೇ ಕೊರದಿದ್ದು," ಎಂದು ಕಾಂಚನಾ ಜೋಳದ ಡಬ್ಬಿಯೊಳಗೆ ಮೊಣಕೈವರೆಗೆ ಕೈಯಿಳಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾರ್ಡು ತೆಗೆದಳು. ಅವಳು ಕಾರ್ಡಿನಿಂದ ಒಂದು ಅಕ್ಷರ ಓದಿದಳು, ಅವನು ಚೀಟಿಯಿಂದ ಮುಂದಿನದು ಓದಿದ. ಅವಳೊಂದು, ಅವನೊಂದು. ತಲೆಗಳು ಹತ್ತಿರ ಬಂದದ್ದು ಇಬ್ಬರಿಗೂ ಹದಿನಾರನೆಯ ಅಂಕಿಯ ಹೊತ್ತಿಗೆ ಅರಿವಾಯಿತು. ಹದಿನೇಳನೆಯದನ್ನು ಇಬ್ಬರೂ ಒಟ್ಟಿಗೇ ಓದಿದರು, ಒಟ್ಟಿಗೇ ಹಿಂದೆ ಸರಿದರು.

"ಬಾಯಾರ, ಒಂದs ಮಾತು," ಎಂದ ಭೀಮು. "ಗಾಡಿ ನಾನs ಇವಗ ಮಾರೀನಿ ಅಂತ ಬಂದು ಹೇಳ್ರಿ. ಒಂದು ಸಹಿ. ನಾ ಉಳೀತೀನಿ."

"ನಾ ಮಾರಿಲ್ಲ."

ಅವಳ ತಂದೆ ಜಟ್ಟೆಪ್ಪ ಗೌಂಡಿ. ಮೂವತ್ತು ವರ್ಷ ಠಾಣೆ ಶಹರದ ಗೋಡೆ ಕಟ್ಟಿದ, ಮೂವತ್ತೊಂದನೆಯ ವರ್ಷ ಅಂಥದೇ ಒಂದು ಗೋಡೆಯ ಮೇಲಿಂದ ಬಿದ್ದು ಸತ್ತ. ಸಾಯುವ ಮುಂಚೆ ಮಗಳ ಮದುವೆ ಮಾಡಿದ. ವರ ಆಕಾಶ ಕಲಬುರಗಿ ಕಡೆಯಿಂದ ಹೊಸದಾಗಿ ಬಂದವನು, ಗಾಡಿ ಕೇಳಿದ. ಶೋರೂಮಿನಲ್ಲಿ ಇಲ್ಲಿನ ವಿಳಾಸದ ದಾಖಲೆ ಕೇಳಿದರು. ವರನ ಬಳಿ ಇಲ್ಲಿಯದೆಂಬ ಒಂದು ಚೂರು ಕಾಗದವಿರಲಿಲ್ಲ. ಮೂವತ್ತು ವರ್ಷ ಊರು ಕಟ್ಟಿದ ಮಾವನ ಬಳಿಯೂ ಇರಲಿಲ್ಲ. ಈ ಊರಿಗೆ ಅವರ ಕೈ ಬೇಕು, ಹೆಸರು ಬೇಡ. ಇಲ್ಲಿಯೇ ಹುಟ್ಟಿ ಮುನಿಸಿಪಾಲ್ಟಿ ಶಾಲೆಯಲ್ಲಿ ಮರಾಠಿ ಓದಿದ ಕಾಂಚನಾಳ ಬಳಿ ಮಾತ್ರ ಎಲ್ಲ ಇತ್ತು. ಹೀಗೆ ವರದಕ್ಷಿಣೆಯ ಗಾಡಿ ವಧುವಿನ ಹೆಸರಿಗೇ ನೋಂದಣಿಯಾಯಿತು. "ಹೆಸರು ಯಾರದಾದ್ರೇನು, ಸೀಟ್ ಮ್ಯಾಗ ಕೂಡಾಂವ ನಾ," ಎಂದು ಆಕಾಶ ನಕ್ಕಿದ್ದ. ಅವಳನ್ನು ಒಮ್ಮೆಯೂ ಮುಂದೆ ಕೂರಲು ಬಿಟ್ಟಿರಲಿಲ್ಲ.

ಬೆಲ್ಟು, ಬೂಟು, ಕುಕ್ಕರಿನ ಮುಚ್ಚಳ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದ ಎರಡು ವರ್ಷ. ಅವಳು ತವರಿಗೆ ಓಡಿಬಂದಾಗ ಆರ್‌ಸಿ ಅವಳ ಕುಪ್ಪಸದಲ್ಲಿತ್ತು. ಕಾರ್ಡಿಗಾಗಿ ಮೂರನೆಯ ಸಲ ಬಂದಾಗ ಆಕಾಶ ಅವಳ ಎಡಗೈಯ ಕಿರುಬೆರಳನ್ನು ಬಾಗಿಲಿನ ಸಂದಿಗಿಟ್ಟು ಬಾಗಿಲನ್ನು ನಿಧಾನಕ್ಕೆ ದೂಡಿದ್ದ. ನಿಧಾನಕ್ಕೆ. ಒಂದೊಂದು ಗೇಣಿಗೂ ನಿಂತು "ಕಾರ್ಡ್?" ಎಂದು ಕೇಳುತ್ತ.

"ನಿನಗ ಗಾಡಿ ಮಾರಿದಾಂವ ನನ್ನ ಗಂಡ. ಠಾಣಾ ಕೋರ್ಟ್‌ನ್ಯಾಗ ಅವನ ಮ್ಯಾಲ ನನ್ನ ಕೇಸ್ ಅದ," ಎಂದಳು ಕಾಂಚನಾ. "ಅಂವ ಕಸಗೊಂಡಿದ್ದು ಏನೇನಂತ ಪಟ್ಟಿ ಕೊಟ್ಟೀನಿ. ಮೊದಲ್ನೇದೇ ಈ ಗಾಡಿ. ಅದನ್ನ ತಾನೇ ಮಾರ್‍ಯಾಳ, ಸುಳ್ಳ ಹೇಳ್ತಾಳ ಅಂತ ಅವನ ವಕೀಲ. ನಾಳಿ ನಾ ಮಾರೀನಿ ಅಂತ ಸಹಿ ಮಾಡಿದ್ರ, ಪಟ್ಟಿ ಸುಳ್ಳಾಯ್ತು. ಪಟ್ಟಿ ಸುಳ್ಳಾದ್ರ ಇದೂ ಸುಳ್ಳು."

ಅವಳು ಕೈ ಚಾಚಿದಳು. ಕಿರುಬೆರಳು ನಡುಗಿಣ್ಣಿನಿಂದ ಹೊರಕ್ಕೆ ತಿರುಗಿ ನಿಂತಿತ್ತು.

ಭೀಮು ನೋಡಿದ. ಅಯ್ಯೋ ಅನ್ನಲಿಲ್ಲ, ಮುಟ್ಟಲಿಲ್ಲ. ತೆರೆದಿದ್ದ ಒಂದೇ ಕಣ್ಣಿನಿಂದ, ಅದೊಂದು ಅಂಕಿಯೋ ಎಂಬಂತೆ, ತಪ್ಪಿಲ್ಲದೆ ನೆನಪಿಟ್ಟುಕೊಳ್ಳಬೇಕೋ ಎಂಬಂತೆ ನೋಡಿದ. ಅವಳಿಗೆ ಕೆನ್ನೆ ಬಿಸಿಯಾಯಿತು. ಕೈ ಹಿಂತೆಗೆದುಕೊಳ್ಳುವುದು ಮರೆತೇಹೋಯಿತು.

"ಹಂಗಾದ್ರ ಸಹಿ ಮಾಡಬ್ಯಾಡ್ರಿ," ಎಂದು ಎದ್ದ.

"ಮತ್ತ ನಿಂದು?"

"ಇನ್ನಾ ನಾಕ ದಿನ ಐತ್ರಿ." ಚೀಟಿಯನ್ನು ಡಬ್ಬಿಯ ಮೇಲಿಟ್ಟ. "ಇದು ನಿಮ್ಮ ಹಂತ್ಯಾಕs ಇರ್ಲಿ. ಎಂಟು ತಿಂಗಳು ಆ ಬಿಲ್ಲಿ ನನ್ನ ಕಿಸೆದಾಗಿತ್ತು. ಮೂಟಿ ಹೊತ್ತು ಸಾಕಾದಾಗ ಬೆರಳಿಂದ ಆ ತೂತು ಎಣಸ್ತಿದ್ನಿ. ಇದನ್ನ ಮಾಡಿದಾಂವ ಭಾಳ ಸಮಾಧಾನದ ಮನಷ್ಯಾ ಇರಬೇಕು ಅನಕೊಂಡಿದ್ನಿ." ನೆಲದ ಮೇಲಿನ ಪೈಪನ್ನು ನೋಡಿದ. "ತಪ್ಪಾತು."

ಆ ಹೊಸ್ತಿಲಲ್ಲಿ ಎರಡು ವರ್ಷದಿಂದ ಯಾರೂ ನಕ್ಕಿರಲಿಲ್ಲ. ಕಾಂಚನಾ ತುಟಿ ಕಚ್ಚಿಕೊಂಡಳು. ಆದರೂ ನಗು ಮೂಗಿನಿಂದ ಹೊರಬಿತ್ತು.

*

ಶನಿವಾರ ಅವಳು ಅರ್ಧ ದಿನ ರಜೆ ಹಾಕಿ ವಾಶಿಗೆ ಹೋದಳು. ಯಾಕೆ ಎಂದು ತಾಯಿ ಕೇಳಲಿಲ್ಲ. ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು ಅಷ್ಟೆ.

ಮಾರ್ಕೆಟ್ಟಿನ ಈರುಳ್ಳಿ ಮಳಿಗೆಯಲ್ಲಿ ಧೂಳು, ಬೈಗುಳ, ಲಾರಿಯ ಹಾರ್ನು. ಭೀಮು ಬೆನ್ನು ಬಾಗಿಸಿ ನಿಂತ. ಲಾರಿಯ ಮೇಲಿನವನು ಮೂಟೆ ಉರುಳಿಸಿದ. ಒಂದು ಕೈ ಮೂಟೆಯ ಮೂತಿಗೆ, ಒಂದು ಕೈ ಬುಡಕ್ಕೆ, ಹೊತ್ತು ನಡೆದ. ಅಂಗಾಲು ಊರಲಾಗದೆ ಪಾದದ ಅಂಚಿನ ಮೇಲೆ, ಸುಡುವ ಬಂಡೆಯ ಮೇಲೆ ನಡೆಯುವವನ ಹಾಗೆ. ಕಾಂಚನಾಳ ಹಲ್ಲು ತಾನಾಗಿ ಬಿಗಿಯಿತು. ಅವಳಿಗೆ ಯಾರನ್ನಾದರೂ ಹೊಡೆಯಬೇಕೆನಿಸಿತು, ಆ ಚೌಕಿಯನ್ನು, ಆ ಪಟ್ಟಾವನ್ನು, ಕೊನೆಗೆ ಇವನನ್ನೇ.

"ಅಂಗಾಲು ಹಿಂಗದ, ಕೆಲ್ಸಕ್ಕ ಯಾಕ ಬಂದಿ?"

ಮೂಟೆ ಇಳಿಸಿ ತಿರುಗಿದವನ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಅಡಗಿಸಲಾಗದ ಬೆಳಕು. ಅವಳ ಬರಿಗೈಗಳನ್ನು ನೋಡಿ, "ಪೈಪ್ ಎಲ್ಲೈತ್ರಿ?" ಎಂದ.

"ಮನ್ಯಾಗ."

"ಹಂಗಾದ್ರ ಚಾ ಕುಡ್ಯೂಣ."

ಚಹಾದಂಗಡಿಯ ಹಲಗೆಯ ಮೇಲೆ ಕೂರುತ್ತಲೇ ಅವಳು ಹೇಳಿಬಿಟ್ಟಳು. "ಸೋಮವಾರ ನಾ ಚೌಕಿಗಿ ಬರ್ತೀನಿ. ಆದ್ರ ಖರೇನೇ ಹೇಳ್ತೀನಿ. ಗಾಡಿ ನಂದು, ಗಂಡ ಕಸಗೊಂಡ, ಇವಗ ಮಾರ್‍ಯಾನ ಅಂತ. ಹಂಗಂದ್ರ ನೀ ಕಳ್ಳ ಮಾಲು ತಗೊಂಡಾಂವ ಆಗ್ತಿ. ಅದಕ್ಕೂ ಜೇಲ್ ಅದ. ವಿಚಾರ ಮಾಡು."

ಭೀಮು ಫೋನು ತೆಗೆದು ಅವಳ ಮುಂದೆ ಹಿಡಿದ. ಅವನು ಗಾಡಿ ಕೊಂಡ ದಿನದ ಫೋಟೋ. ಚೆಂಡುಹೂವಿನ ಹಾರ ಹಾಕಿದ ಗಾಡಿ, ಎರಡೂ ಚಕ್ರದ ಕೆಳಗೆ ನಿಂಬೆಹಣ್ಣು, ಹ್ಯಾಂಡಲ್ಲಿಗೆ ಕುಂಕುಮ. ಹೊಸ ಅಂಗಿಯಲ್ಲಿ ಭೀಮು ಅಂಗೈ ಚಾಚಿದ್ದಾನೆ. ಬಾಯ್ತುಂಬ ಪೇಢೆಯಿಟ್ಟುಕೊಂಡು ನಗುತ್ತಿರುವ ಆಕಾಶ ಆ ಅಂಗೈಗೆ ಚಾವಿ ಇಡುತ್ತಿದ್ದಾನೆ. ಎರಡು ಕೈಗಳ ನಡುವೆ ತೂಗುತ್ತಿದೆ, ಐದು ತೂತಿನ ಹಿತ್ತಾಳೆ ಬಿಲ್ಲೆ.

"ಕಳ್ಳ ಮಾಲು ತಗೊಳ್ಳಾಂವ ನಿಂಬಿಹಣ್ಣ ಇಟ್ಟು, ಪೂಜಾ ಮಾಡಿ, ಮಾರಿದಾಂವಗ ಪೇಢೆ ತಿನಿಸಿ ಫೋಟೋ ತಗಸ್ತಾನೇನ್ರಿ? ಸ್ಟೇಟಸ್‌ಗೂ ಹಾಕಿದ್ನಿ." ನಾಚಿಕೆಯಿಂದ ಕತ್ತು ತಗ್ಗಿಸಿದ. "ನಮ್ಮ ಮನಿತನದಾಗ ಮೊದಲ್ನೇ ಗಾಡಿ."

ಕಾಂಚನಾ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿದಳು. ಆಕಾಶನ ನಗು ದೊಡ್ಡದಾಯಿತು, ಮಸುಕಾಯಿತು. ಬಿಲ್ಲೆಯ ಬಳಿ ನಿಲ್ಲಿಸಿದಳು. ಎರಡು ವರ್ಷ ಕೋರ್ಟಿನಲ್ಲಿ ಅವಳು ಬಾಯಿ ಹರಿದುಕೊಂಡು ಹೇಳಿದ್ದನ್ನು ಈ ಮನುಷ್ಯ ಹಾರ ಹಾಕಿ, ಕುಂಕುಮ ಹಚ್ಚಿ, ತಾರೀಖಿನ ಸಮೇತ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ!

"ಇದನ್ನ ಯಾರಿಗಾದ್ರೂ ತೋರ್ಸಿದಿ?"

ಭೀಮು ಚಹಾದ ಲೋಟ ತಿರುವಿದ. ತಿರುವುತ್ತಲೇ ಇದ್ದ.

"ನಿನ್ನೆ ಆಕಾಶಗ ಫೋನ್ ಮಾಡಿದ್ನಿ. ನಿಮ್ಮ ಹೆಸರು ಹೇಳಿ, ಕಾರ್ಡ್ ಸಿಕ್ಕೈತಿ, ನಮ್ಮಿಬ್ರ ಫೋಟೋನೂ ಐತಿ, ಸೋಮವಾರ ಚೌಕಿಗಿ ಬಂದು ಖರೇ ಹೇಳಿಬಿಡು, ಹೊಡತ ತಪ್ತಾವ ಅಂದ್ನಿ."

ಕಾಂಚನಾಳ ಲೋಟ ಹಲಗೆಗೆ ಬಡಿದ ಸದ್ದಿಗೆ ಪಕ್ಕದವರು ತಿರುಗಿದರು. "ಪಾಗಲ್ ಆಗೀಯೇನು? ಅವಗ? ನನ್ನ ಹೆಸರು? ದಿನಾ, ಜಾಗಾ, ಎಲ್ಲಾ?"

"ಮನಷ್ಯಾ ಅಲ್ಲೇನ್ರಿ ಅಂವ..."

"ನನ್ನ ಬೆರಳ ನೋಡಿದ ಮ್ಯಾಲೂ ಹಿಂಗಂತಿ?"

ಲೋಕದಲ್ಲಿ ಇಷ್ಟು ಏಟು ತಿಂದೂ ಲೋಕವನ್ನು ನಂಬುವವನನ್ನು ಏನು ಮಾಡುವುದು? ಕಾಂಚನಾ ಎದ್ದಳು. ನಾಲ್ಕು ಹೆಜ್ಜೆ ಹೋದಳು. ತಿರುಗಿ ಬಂದು ರೊಟ್ಟಿಯ ಗಂಟನ್ನು ಅವನ ತೊಡೆಯ ಮೇಲೆ ಒಗೆದಳು.

"ತಿನ್ನು. ಚಟ್ನಿ ಖಾರ ಅದ, ತುಟಿಗಿ ಹತ್ತೀತು, ನೋಡಿ ತಿನ್ನು. ಸೋಮವಾರ ಪೈಪ್ ತರ್ತೀನಿ."

*

ಭಾನುವಾರ ಇಬ್ಬರೂ ಕಲ್ಯಾಣಕ್ಕೆ ಹೋದರು. ಚೌಕಿಗೆ ತೋರಿಸಲು ಗಾಡಿಯ ಪೂರ್ತಿ ದಾಖಲೆಯ ಪ್ರಿಂಟು ಬೇಕಿತ್ತು. ಏಜೆಂಟ್ ಜಯಶೀಲ ಉಡುಪಿ ಕಡೆಯವರು. ಕಲ್ಯಾಣದ ಬೀದಿಬದಿಯಲ್ಲಿ ಒಂದು ಟೇಬಲ್ಲು, ಒಂದು ಛತ್ರಿ, ಕಿವಿಯ ಮೇಲೊಂದು ಗಿಡ್ಡ ಪೆನ್ಸಿಲ್. ಕಾಂಚನಾ ಮತ್ತು ಭೀಮು ಪಕ್ಕಪಕ್ಕ ನಿಂತದ್ದನ್ನು ಕನ್ನಡಕದ ಮೇಲಿಂದ ನೋಡಿದರು.

"ಎಂತ ಮಾರಾಯ್ತಿ, ನೀವೇ ಓನರಾ? ಹಾಗಾದರೆ ಇಷ್ಟು ತಲೆಬಿಸಿ ಎಂತಕ್ಕೆ? ಟ್ರಾನ್ಸ್‌ಫರ್ ಫಾರ್ಮು ಉಂಟು ನನ್ನ ಹತ್ರ. ಎಂಟು ತಿಂಗಳ ಹಿಂದಿನ ತಾರೀಕು ಹಾಕಿ ಸಹಿ ಮಾಡಿ. ಇವರೂ ಬಚಾವ್, ನೀವೂ ಮನೆಗೆ."

ಭೀಮು ಅವಳಿಗಿಂತ ಮೊದಲು ಬಾಯಿ ತೆರೆದ. "ಬ್ಯಾಡ್ರಿ ಸಾಹೇಬ್ರ. ಅವರು ಮಾರಿಲ್ಲ."

"ಒಳಗೆ ಹೋದೀರಿ ಮಾರಾಯ್ರೆ! ಪ್ಲೇಟು ಸುಳ್ಳು, ಪೇಪರ್ ಇಲ್ಲ. ಅವರು ಬಿಡ್ತಾರಾ?"

"ಹೋದ್ರ ಹೋದ್ನಿ. ಆ ಬೆರಳು ಸುಳ್ಳಾಗಬಾರದು."

ಕಾಂಚನಾ ಛತ್ರಿಯ ಕಡ್ಡಿಯನ್ನು ನೋಡುತ್ತ ನಿಂತಳು. ಬೇರೆಲ್ಲಿ ನೋಡಿದರೂ ಕಣ್ಣು ತುಂಬುತ್ತಿತ್ತು. ಅವಳ ಪರವಾಗಿ ಎರಡು ವರ್ಷದಲ್ಲಿ ಯಾರೂ ಇಷ್ಟು ಸಣ್ಣ ವಾಕ್ಯವನ್ನೂ ಹೇಳಿರಲಿಲ್ಲ.

ವಾಪಸು ಬರುವ ಲೋಕಲ್‌ನಲ್ಲಿ ನೂಕುನುಗ್ಗಲು. ಅವಳು ಲೇಡೀಸ್ ಡಬ್ಬಿ ಬಿಟ್ಟು ಅವನ ಜತೆ ಜನರಲ್ ಹತ್ತಿದ್ದಳು. ಬಾಗಿಲ ಮೂಲೆಯಲ್ಲಿ ಭೀಮು ಎರಡೂ ತೋಳು ಚಾಚಿ ಗೋಡೆಗೆ ಊರಿ, ಜನರ ನೂಕನ್ನೆಲ್ಲ ಬೆನ್ನ ಮೇಲೆ ತೆಗೆದುಕೊಂಡು ನಿಂತ. ಅವನ ತೋಳುಗಳ ನಡುವೆ ಅವಳಿಗೊಂದು ಚಿಕ್ಕ ಖೋಲಿ. ಈರುಳ್ಳಿಯ ವಾಸನೆ, ಅಯೊಡೆಕ್ಸಿನ ವಾಸನೆ.

"ಭುಜ ನೋಯ್ತದೇನು? ನಾ ಹೊಡದಿದ್ದು."

"ಅದೊಂದs ನೋಯ್ತಿಲ್ರಿ."

"ಸುಳ್ಳ."

"ಹೂಂ, ಸುಳ್ಳ." ನಕ್ಕ. ತುಟಿಯ ಸೀಳು ಮತ್ತೆ ಬಿಚ್ಚಿ ಒಂದು ಹನಿ ರಕ್ತ ಮೂಡಿತು. ಅವಳು ಓಢಣಿಯ ತುದಿಯಿಂದ ಒತ್ತಿದಳು. ಡೊಂಬಿವಲಿ ಬಂತು, ಹೋಯಿತು. ಅವನು ಇಳಿಯಬೇಕಾಗಿದ್ದ ಸ್ಟೇಶನ್ನು.

*

ಸೋಮವಾರ ಬೆಳಿಗ್ಗೆ ಶಿಳ್ ರಸ್ತೆಯಲ್ಲಿ ರಿಕ್ಷಾ ಇಳಿದಾಗ ಚೌಕಿಗೆ ಮುನ್ನೂರು ಹೆಜ್ಜೆ ಉಳಿದಿತ್ತು. ಟೈರಿನಂಗಡಿಯ ಮಗ್ಗುಲಿನಿಂದ ಆಕಾಶ ಬಂದ. ಜತೆಗೆ ಗ್ಯಾರೇಜಿನ ಇಬ್ಬರು. ಆಕಾಶನ ಮುಂಗೈಗೆ ಗಾಡಿಯ ಚೈನು ಸುತ್ತಿತ್ತು.

"ಏನ್ ಕಾಂಚೀ, ಹೊಸಾ ಡ್ರೈವರ್ ಇಟ್ಟೀಯೇನು? ಕಾರ್ಡ್ ಕೊಡು. ಇವನ ಫೋನ್ ಕೊಡು. ಸುಮ್ನ ಮನಿಗಿ ನಡಿ."

"ಆಕಾಶಣ್ಣ," ಎಂದ ಭೀಮು ಮುಂದೆ ಬಂದು, "ಮಾತಾಡೂಣು..."

ಚೈನು ಅವನ ಹಣೆಗೆ ಬಿತ್ತು. ಹುಬ್ಬಿನ ಮೇಲಿನ ಚರ್ಮ ಬಾಯಿ ತೆರೆದಂತೆ ಬಿಚ್ಚಿಕೊಂಡಿತು. ಭೀಮು ಮಂಡಿಯೂರಿದ, ಇಬ್ಬರೂ ಅವನ ಪಕ್ಕೆಗೆ ಒದೆಯತೊಡಗಿದರು. ಅವನು ಮುದುರಿ ಫೋನನ್ನು ಎದೆಯೊಳಗೆ ಅವುಚಿಕೊಂಡ. ಅದೇ ಅಭ್ಯಾಸ, ಮೂಳೆ ಹೋಗಲಿ, ಕಾಗದ ಉಳಿಯಲಿ. ಲಾರಿಗಳು ನಿಲ್ಲದೆ ಹೋದವು. ಟೈರಿನಂಗಡಿಯವನು ನೋಡಿ ಒಳಗೆ ಹೋದ. ಈ ರಸ್ತೆಯಲ್ಲಿ ಹಮಾಲಿಯೊಬ್ಬ ಹೊಡೆತ ತಿನ್ನುವುದು ಯಾರ ಕೆಲಸವನ್ನೂ ನಿಲ್ಲಿಸುವ ಸಂಗತಿಯಾಗಿರಲಿಲ್ಲ.

ಆಕಾಶ ಕಾಂಚನಾಳ ಎಡಗೈ ಹಿಡಿದ. ಹುಡುಕಿ, ಅದೇ ಬೆರಳನ್ನು ಹಿಡಿದ. ತಿರುಚಿದ. "ಕಾರ್ಡ್?"

ಅದೇ ಪ್ರಶ್ನೆ, ಅದೇ ನಿಧಾನ. ಎರಡು ವರ್ಷದ ಹಿಂದಿನ ಬಾಗಿಲು ಅವಳ ಕಣ್ಣ ಮುಂದೆ ಮತ್ತೆ ಮುಚ್ಚತೊಡಗಿತು. ಆದರೆ ಡ್ರಿಲ್ ಮಷೀನಿನ ಲಿವರನ್ನು ದಿನಕ್ಕೆ ಎರಡು ಸಾವಿರ ಸಲ ಎಳೆಯುವ ಬಲಗೈ ಹೆದರಿರಲಿಲ್ಲ. ಅದು ಬಟ್ಟೆಯ ಚೀಲದೊಳಗೆ ಹೋಗಿತ್ತು, ಹೊರಗೆ ಬಂದಿತ್ತು. ಪೈಪು ಆಕಾಶನ ಮಂಡಿಚಿಪ್ಪಿಗೆ ಬಿದ್ದಾಗ ಹಸಿ ಕೊಂಬೆ ಮುರಿದ ಸದ್ದಾಯಿತು. ಅವನು ಬಿದ್ದ. ಅವಳು ಮತ್ತೆ ಹೊಡೆದಳು, ಚೈನಿದ್ದ ಕೈಗೆ. "ಇದು ಬಾಗ್ಲದು." ಮತ್ತೊಂದು. "ಇದು ಕುಕ್ಕರಿಂದು." ನಾಲ್ಕನೆಯದಕ್ಕೆ ಪೈಪು ಅವನ ತಲೆಯ ನೇರಕ್ಕೆ ಎದ್ದಿತು.

"ಕಾಂಚನಾ!" ನೆಲದಿಂದಲೇ ಕೂಗಿದ ಭೀಮು. ಮೊದಲ ಸಲ ಹೆಸರು ಹಿಡಿದು. "ತಲಿಗಿ ಬ್ಯಾಡ! ನಿನ್ನ ಕೇಸ್ ಐತಿ!"

ಪೈಪು ಎತ್ತಿದಲ್ಲೇ ನಿಂತಿತು. ಅವಳು ಅದನ್ನು ಒದೆಯುತ್ತಿದ್ದ ಇಬ್ಬರ ಕಡೆ ತಿರುಗಿಸಿ ಮರಾಠಿಯಲ್ಲಿ ಅವರ ಹುಟ್ಟಿನಿಂದ ಹಿಡಿದು ಗ್ಯಾರೇಜಿನವರೆಗೆ ಜಾಲಾಡಿದಳು. ಬಿದ್ದವನ ಮಂಡಿ ನೋಡಿದರು, ಅವಳ ಕಣ್ಣು ನೋಡಿದರು, ಓಡಿದರು.

ಭೀಮು ಎದ್ದ. ಹಣೆಯ ರಕ್ತವನ್ನು ತೋಳಿನಿಂದ ಒರೆಸಿ ಆಕಾಶನ ಬಳಿ ಬೆನ್ನು ಬಾಗಿಸಿ ಕೂತ. ಒಂದು ಕೈ ರಟ್ಟೆಗೆ, ಒಂದು ಕೈ ಸೊಂಟದ ಬೆಲ್ಟಿಗೆ. ಈರುಳ್ಳಿ ಮೂಟೆಯ ಹಾಗೆ ಅವನನ್ನು ಬೆನ್ನಿಗೆ ಹಾಕಿಕೊಂಡ.

ಮುನ್ನೂರು ಹೆಜ್ಜೆ. ಪಾದದ ಅಂಚಿನ ಮೇಲೆ. ಆಕಾಶ ದಾರಿಯುದ್ದಕ್ಕೂ ಅವನ ಕಿವಿಗೆ, ಕತ್ತಿಗೆ ಗುದ್ದುತ್ತಿದ್ದ, ತಾಯಿ ಹಿಡಿದು ಬೈಯುತ್ತಿದ್ದ. ಗುದ್ದು ಜೋರಾದಾಗಲೆಲ್ಲ ಪಕ್ಕದಲ್ಲಿ ನಡೆಯುತ್ತಿದ್ದ ಕಾಂಚನಾ ಪೈಪಿನ ತುದಿಯಿಂದ ಆಕಾಶನ ಮುರಿದ ಮಂಡಿಯನ್ನು ಮೆಲ್ಲಗೆ ಮುಟ್ಟುತ್ತಿದ್ದಳು. ಗುದ್ದು ನಿಲ್ಲುತ್ತಿತ್ತು.

"ಭಾರ ಅದೇನು?"

"ಮೂಟಿ ಬೈಯೂದಿಲ್ಲ," ಎಂದ ಭೀಮು ಏದುಸಿರಿನಲ್ಲಿ. "ಅಷ್ಟs ಫರಕ್."

ಚೌಕಿಯ ಮೇಜಿನ ಮುಂದೆ ಮೂಟೆ ಇಳಿಸಿ, ಹವಾಲ್ದಾರನಿಗೆ ತನ್ನ ಹರಕು ಹಿಂದಿಯಲ್ಲಿ ಹೇಳಿದ: "ಸಾಬ್, ಮಾಲಕ್ ಲಾವ್ ಬೋಲಾ. ಮಾಲಕ್ ಲಾಯಾ. ಚೋರ್ ಭೀ ಲಾಯಾ."

ಹವಾಲ್ದಾರ ರಕ್ತ ನೋಡಿದ, ಪೈಪು ನೋಡಿದ, ಹೆಂಗಸನ್ನು ನೋಡಿದ. ತನ್ನ ಹೆಂಡತಿಯೇ ಹೊಡೆದಳೆಂದು ಆಕಾಶ ನೆಲದಿಂದ ಅರಚಿದ. "ಮಿಯಾ-ಬೀವಿ ಕಾ ಝಗಡಾ ಹೈ," ಎಂದು ಕೈ ಝಾಡಿಸಿದ. "ಘರ್ ಜಾವ್."

ಕಾಂಚನಾ ಆರ್‌ಸಿ ಕಾರ್ಡನ್ನೂ ಜಯಶೀಲರ ಪ್ರಿಂಟನ್ನೂ ಮೇಜಿನ ಮೇಲಿಟ್ಟಳು. ಅದರ ಪಕ್ಕ ಫೋಟೋ ತೆರೆದ ಫೋನು. ಅದರ ಪಕ್ಕ ತನ್ನ ಎಡಗೈ. ಆಮೇಲೆ ಚೌಕಿಯ ನಡುನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಳು. ಬಗ್ಗಲಿಲ್ಲ, ಬೇಡಲಿಲ್ಲ. ತನ್ನ ವಕೀಲರಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದಳು. ಕಾಗದ ಕೇಳಿ ಪಡೆದು, ಮುನಿಸಿಪಾಲ್ಟಿ ಶಾಲೆಯ ಮರಾಠಿಯಲ್ಲಿ ದೂರು ಬರೆಯತೊಡಗಿದಳು. ಆಕಾಶನ ಮಂಡಿ ಮುರಿದದ್ದು ತಾನೇ ಎಂಬುದನ್ನೂ, ಯಾಕೆ ಎಂಬುದನ್ನೂ. ಮೇಜಿನಾಚೆಯ ಮೂವರು ಒಬ್ಬರ ಮುಖ ಒಬ್ಬರು ನೋಡಿದರು. ಮಾಲಕಿಯೇ ಬಂದು ಕುಳಿತಿರುವಾಗ ಗಾಡಿ ಕದ್ದವನೆಂದು ಹಮಾಲಿಯನ್ನು ಇಟ್ಟುಕೊಳ್ಳುವುದು ಅವರಿಗೂ ಕಷ್ಟವಾಗತೊಡಗಿತು.

ಮಧ್ಯಾಹ್ನದ ಹೊತ್ತಿಗೆ ದೂರು ದಾಖಲಾಯಿತು, ಆಕಾಶನನ್ನು ಕಾವಲಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ಭೀಮುವಿನ ಹೇಳಿಕೆ ಬರೆದುಕೊಂಡರು, ಸಾಕ್ಷಿ ಎಂದು. ಆಧಾರ್ ಕಾರ್ಡನ್ನು ಡ್ರಾಯರಿನಿಂದ ಮೇಜಿನ ಮೇಲೆ ಒಗೆದರು. ಅವನ ಅಂಗಾಲಿನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ದೂರಿನ ಕೊನೆಯ ಸಾಲಿನಲ್ಲಿ ಕಾಂಚನಾ ಅದನ್ನೂ ಬರೆದಿದ್ದಳು.

*

ಗಾಡಿ ಕೋರ್ಟಿನ ಆದೇಶದ ಮೇಲೆ ಬಿಡುಗಡೆಯಾಗುವಾಗ ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಪಟ್ಟಿಯ ಮೊದಲ ಸಾಲು ಖರೆಯೆಂದು ಜಡ್ಜರ ಮುಂದೆ ಭೀಮು ಸಾಕ್ಷಿ ಹೇಳಿದ್ದ. ಹುಬ್ಬಿನ ಮೇಲೆ ಐದು ಹೊಲಿಗೆಯ ಕಲೆ. ಚೌಕಿಯ ಅಂಗಳದಲ್ಲಿ ಧೂಳು ಹೊದ್ದು ಮಲಗಿದ್ದ ಗಾಡಿಯನ್ನು ಇಬ್ಬರೂ ರಸ್ತೆಗೆ ತಳ್ಳಿ ತಂದರು. ಚಾವಿ ಅವಳ ಕೈಯಲ್ಲಿ. ಬಿಲ್ಲೆ ಬಿಸಿಲಿಗೆ ಮಿನುಗಿತು.

"ಈಗ ಸಹಿ ಮಾಡ್ತೀರೇನು?" ಎಂದ ಭೀಮು, ತಮಾಷೆಗೆಂಬಂತೆ, ಟೈರು ನೋಡುತ್ತ. "ನನ್ನ ಹೆಸರಿಗಿ?"

"ಇಲ್ಲ. ನಮ್ಮಪ್ಪ ಕೊಟ್ಟಿದ್ದು. ನನ್ನ ಹೆಸರ್ಲೇ ಇರ್ತದ."

"ಸರಿ ಐತಿ." ತಲೆಯಾಡಿಸಿದ. ಇನ್ನೇನೂ ಕೇಳಲಿಲ್ಲ. ಹೋಗಲು ತಿರುಗಿದ. ಈ ಮನುಷ್ಯನಿಗೆ ಕಸಿದುಕೊಳ್ಳುವುದಿರಲಿ, ಕೇಳುವುದೂ ಬರುತ್ತಿರಲಿಲ್ಲ.

"ನಿಲ್ಲು. ಪೂರಾ ಕೇಳು," ಎಂದಳು ಕಾಂಚನಾ. ಪೈಪು ಹಿಡಿದಾಗ ಅಲುಗದ ದನಿ ಈಗ ಅಲುಗಿತು. "ವಾರದಾಗ ಆರು ದಿನ ಗಾಡಿ ನೀ ಒಯ್ಯಿ. ಆದ್ರ ದಿನಾ ಸಂಜಿಕಿ ತಂದು ನನ್ನ ಬಾಗ್ಲ ಮುಂದ ನಿಲ್ಸಬೇಕು. ಚಾವಿ ನನ್ನ ಕೈಯಾಗ ಕೊಡಬೇಕು. ಊಟ ಮಾಡಿ ಹೋಗಬೇಕು. ಭಾನುವಾರ ನಾ ನಡಸ್ತೀನಿ. ನೀ ಹಿಂದ."

ಭೀಮು ಮರಳಿ ಬಂದು ಸೀಟಿನ ಧೂಳನ್ನು ಅಂಗೈಯಿಂದ ಒರೆಸಿದ. ಲಾರಿಗಳು ಹೋದವು.

"ನಿನಗ ಗಾಡಿ ನಡಸಾಕ ಬರತೈತೇನು?"

"ಇಲ್ಲ. ಕಲಸು."

"ಬೀಳ್ತಿ."

"ಬಿದ್ದರ ನೀನೂ ಬೀಳ್ತಿ. ಹಿಂದ ಇರ್ತಿಯಲ್ಲ."

ಅವನು ಅವಳ ಎಡಗೈ ಹಿಡಿದ. ಮೊದಲ ಸಲ. ಕಿರುಬೆರಳನ್ನು ತನ್ನ ಒರಟು ಅಂಗೈಯೊಳಗೆ, ಒಡೆಯಬಹುದಾದದ್ದನ್ನು ಹಿಡಿಯುವವನಂತೆ ಹಿಡಿದ. "ಆ ಬಿಲ್ಲಿ ಮಾಡಿದಾಂವನ ಹುಡುಕಬೇಕಂತ ಭಾಳ ದಿನದಿಂದ ಇತ್ತು," ಎಂದ. "ಪೊಲೀಸ್ರು ಹೊಡದದ್ದು ಒಂದು ನೆಪ ಅನಕೋತೀನಿ."

"ಹಂಗನಬ್ಯಾಡ. ಅವರು ಹೊಡದಿದ್ದು ಹೊಡದಿದ್ದೇ. ಅದರ ಲೆಕ್ಕ ಬ್ಯಾರೆ ಅದ. ಬಿಡಂಗಿಲ್ಲ."

"ಬ್ಯಾಡ. ಬಿಡಬ್ಯಾಡ." ಅವನು ನಕ್ಕ. ಈ ಸಲ ತುಟಿ ಸೀಳಲಿಲ್ಲ.

ವಾಗ್ಳೆ ಎಸ್ಟೇಟಿನ ರಸ್ತೆಗಳು ಭಾನುವಾರ ಖಾಲಿ. ಮುಚ್ಚಿದ ಕಾರ್ಖಾನೆಗಳ ನಡುವೆ ಅವಳು ಮೂರು ಭಾನುವಾರ ಬಿದ್ದಳು, ಮೊಣಕೈ ಕೆತ್ತಿಸಿಕೊಂಡಳು, ಅವನನ್ನೂ ಎರಡು ಸಲ ಗಟಾರಕ್ಕೆ ಕೆಡವಿದಳು. ನಾಲ್ಕನೆಯ ಭಾನುವಾರ ಮುಖ ತೊಳೆದು, ಜೋಳದ ಡಬ್ಬಿಯಿಂದ ಆರ್‌ಸಿ ಕಾರ್ಡು ತೆಗೆದು ಕಿಸೆಗೆ ಹಾಕಿಕೊಂಡಳು. ರಸ್ತೆಗಿಳಿಯುವ ಗಾಡಿಯ ಜತೆ ಕಾರ್ಡೂ ಹೊರಗಿರಬೇಕು. ಅದಿದ್ದ ಜಾಗದಲ್ಲಿ, ಜೋಳದ ತಳದಲ್ಲಿ, ಪ್ಲಾಸ್ಟಿಕ್ಕಿನೊಳಗೆ ಈಗ ಪೆನ್ಸಿಲ್ ತಿಕ್ಕಿದ ಒಂದು ಚೀಟಿ ಇತ್ತು.

ಬಾಗಿಲು ಬಡಿದ ಸದ್ದಾಯಿತು.

ಪೈಪು ಬಾಗಿಲ ಹಿಂದೆ ಇದ್ದಲ್ಲೇ ಇತ್ತು. ಕೈ ಅತ್ತ ಹೋಗಲಿಲ್ಲ.

"ಯಾರದು?" ಎಂದಳು.

"ಹಿಂದಿನ ಸೀಟು," ಎಂದಿತು ಹೊರಗಿನ ದನಿ.